ಮದುವೆ ನೆಂಟರನ್ನ ಬೆಟ್ಟ ಹತ್ತಿಸಿ ಟೈಮ್‌ಗೆ ವಾಪಸ್ ಕರ್ಕೊಂಡ್ ಬಂದಿದ್ದು (ನನ್ನ ಅನುಭವ)

ಛತ್ರದ ಕೆಲಸದಲ್ಲಿ ಇರೋರಿಗೆ ಟಿಟಿ (ಟೆಂಪೋ ಟ್ರಾವೆಲರ್) ಬುಕ್ ಮಾಡೋದು, ನೀರಿನ ಕ್ಯಾನ್ ಏರ್ಸೋದು, ಡ್ರೈವರ್ ಬಾಟಾ (ದಿನದ ಖರ್ಚಿನ ದುಡ್ಡು) ಇವೆಲ್ಲ ನಾನು ಹೇಳ್ಬೇಕಿಲ್ಲ. ಚಿಕ್ಕಬಳ್ಳಾಪುರದಲ್ಲಿ ಮದುವೆಗೆ ಬಂದ ನೆಂಟರನ್ನ ಸುತ್ತಮುತ್ತ ತೋರ್ಸಿ, ಟೈಮ್‌ಗೆ ಛತ್ರಕ್ಕೆ ತಂದು ಬಿಟ್ಟು, ಅದ್ರಲ್ಲಿ ನಾಲ್ಕು ಕಾಸು ಉಳಿಸ್ಕೊಂಡಿದ್ದು ಹೆಂಗೆ ಅಂತ ಅಷ್ಟೇ ಬರೀತೀನಿ. ಶುರು ಮಾಡ್ದಾಗ ನಮ್ಮ ಶಾಮಿಯಾನದೋರು, ಅಡುಗೆಯೋರು ಎಲ್ಲ ನಕ್ಕಿದ್ರು. ‘ಬಂದೋರು ಉಂಡು, ಮುಯ್ಯಿ ಹಾಕಿ, ತೆಂಗಿನಕಾಯಿ ಚೀಲ ಇಸ್ಕೊಂಡು ಹೋಗ್ತಾರೆ, ಅವ್ರಿಗ್ಯಾಕಪ್ಪ ಬೆಟ್ಟ’ ಅಂತ. ಮೊದಲ ವರ್ಷ ನೋಡಿದ್ರೆ ಅವ್ರು ನಕ್ಕಿದ್ದೇ ಸರಿ ಅನ್ಸಿತ್ತು.

ಮೊದಲ್ನೇ ಸಲ ಮಾಡಿದ್ದು ಶುದ್ಧ ಪೆದ್ದು ಕೆಲಸ. ಭಾನುವಾರ ಮುಹೂರ್ತ, 9:15ರಿಂದ 10:15. ಹುಡುಗಿ ಕಡೆಯೋರು ಸೂರ್ಯೋದಯ ನೋಡ್ಬೇಕು ಅಂದ್ರು, ನಾನೂ ಹೂಂ ಅಂದೆ, ಮೂರು ಟಿಟಿ, ಮಕ್ಕಳು ಸೇರಿ 38 ಜನ, ಬೆಳಗಿನ ಜಾವ ನಾಲ್ಕೂವರೆಗೆ ನಂದಿಬೆಟ್ಟಕ್ಕೆ ಹೊರಟ್ವಿ. ಮೇಲೆ ಮಂಜು ಬಿಟ್ರೆ ಏನೂ ಕಾಣ್ಲಿಲ್ಲ, ಅದು ಹೋಗ್ಲಿ. ಇಳಿಯೋವಾಗ ಅರ್ಧ ಬೆಂಗಳೂರು ಎದುರುಗಡೆಯಿಂದ ಹತ್ತಿ ಬರ್ತಿತ್ತು, ತಿರುವಲ್ಲಿ ಗಾಡಿ ನಿಂತಿದ್ದು ನಿಂತಂಗೇ. ಎರಡನೇ ಟಿಟಿಯಲ್ಲಿ ಯಾರಿದ್ರು ಅಂದ್ಕೊಂಡ್ರಿ? ಹುಡುಗಿಯ ಸೋದರಮಾವ! ಇಲ್ಲಿ ಪುರೋಹಿತರು ಹುಡುಗೀನ ಕರ್ಕೊಂಡ್ ಬನ್ನಿ ಅಂತಾವ್ರೆ, ಕರ್ಕೊಂಡ್ ಬರ್ಬೇಕಾದೋರು ಬೆಟ್ಟದ ತಿರುವಲ್ಲಿ ಹಾರ್ನ್ ಹೊಡೆಸ್ತಾವ್ರೆ. ಕೊನೆಗೆ ಯಾರೋ ಹುಡುಗನ ಬೈಕ್ ಹತ್ತಿ ಬಂದ್ರು, ಮೇಲೆ ರೇಷ್ಮೆ ಪಂಚೆ, ಕೆಳಗೆ ಸ್ಪೋರ್ಟ್ಸ್ ಶೂ, ತಲೆ ಪೂರ್ತಿ ಧೂಳು. ಧಾರೆ 10:05ಕ್ಕೆ ಆಯ್ತು. ನನಗೆ ಬರ್ಬೇಕಿದ್ದಿದ್ದು 22 ಸಾವಿರ ಚಿಲ್ಲರೆ, ಕೈಗೆ ಬಂದಿದ್ದು ಒಂಬತ್ತು. ಬಾಕಿ ಕೇಳೋಕೂ ಮುಖ ಇರ್ಲಿಲ್ಲ.

ಆಮೇಲೆ ಧಾರೆ ಊಟ ಆದ್ಮೇಲೆ ಕರ್ಕೊಂಡ್ ಹೋಗೋಣ ಅಂತ ಮಾಡ್ದೆ. ಹೋಳಿಗೆ ತುಪ್ಪ ತಿಂದೋರನ್ನ ಮಧ್ಯಾಹ್ನ ಎರಡೂವರೆಗೆ ಗಾಡಿ ಹತ್ತಿಸಿದ್ರೆ ಏನಾಗುತ್ತೆ? ಆವಲಬೆಟ್ಟದ ಹತ್ರ ಗಾಡಿ ನಿಲ್ಸಿದ್ರೆ ಇಳಿದಿದ್ದು ಮೂರು ಮಕ್ಕಳು, ಒಬ್ರು ರಿಟೈರ್ಡ್ ಮೇಷ್ಟ್ರು. ಮಿಕ್ಕೋರೆಲ್ಲ ಗೊರಕೆ. ಇಳಿದ ಒಬ್ಬ ಹುಡುಗಿಯ ತಲೇಲಿದ್ದ ಮಲ್ಲಿಗೆ ದಂಡೇನ ಕೋತಿ ಕಿತ್ಕೊಂಡು ಬಂಡೆ ಮೇಲೆ ಕೂತು ಒಂದೊಂದೇ ಮೊಗ್ಗು ಬಿಡ್ಸಿ ತಿಂತಿತ್ತು, ನೋಡೋಕೆ ಅದೊಂದೇ ಚೆನ್ನಾಗಿತ್ತು.

ಮೂರನೇ ವರ್ಷ ಅರ್ಥ ಆಯ್ತು, ನಾನು ಜಾಗ ಆರ್ಸೋದ್ರಲ್ಲಿ ತಲೆ ಕೆಡಿಸ್ಕೊಂಡಿದ್ದೆ, ಆರ್ಸಬೇಕಿದ್ದಿದ್ದು ಗಂಟೆ. ಮುಹೂರ್ತದ ದಿನ ಯಾರನ್ನೂ ಛತ್ರ ಬಿಟ್ಟು ಕದಲಿಸ್ಬಾರದು, ಪಕ್ಕದ ದೇವಸ್ಥಾನಕ್ಕೂ ಬೇಡ. ಆರತಕ್ಷತೆ ದಿನ ದೂರದಿಂದ ಬಂದೋರು ಮಧ್ಯಾಹ್ನ ರೂಮಲ್ಲಿ ಬಿದ್ಕೊಂಡು ಎಸಿ ಓಡ್ತಿಲ್ಲ ಅಂತ ನಮ್ಮನ್ನೇ ಬಯ್ತಾ ಇರ್ತಾರಲ್ಲ, ಅವ್ರನ್ನ 3 ಗಂಟೆಗೆ ಎತ್ಕೊಂಡು ಹೋಗಿ 5:15ಕ್ಕೆ ವಾಪಸ್. ಬೆಟ್ಟ ಬೇಡ, ನೆಲದ ಮೇಲಿರೋದು ಸಾಕು. ಮುದ್ದೇನಹಳ್ಳಿಯಲ್ಲಿ ವಿಶ್ವೇಶ್ವರಯ್ಯನೋರ ಮನೆ, ಸಮಾಧಿ, ಅಲ್ಲಿಂದ ನಂದಿ ಗ್ರಾಮದ ಭೋಗನಂದೀಶ್ವರ. ಹೋಗಿ ಬಂದ್ರೆ 25 ಕಿಮೀ ಒಳಗೆ. ಈಗಿನ ಮದುವೆಗಳಲ್ಲಿ ನೆಂಟರಲ್ಲಿ ಅರ್ಧ ಜನ ಎಂಜಿನಿಯರ್‌ಗಳು, ಮುದ್ದೇನಹಳ್ಳಿ ಅಂದ್ರೆ ಬೇಡ ಅನ್ನಲ್ಲ. ದೇವಸ್ಥಾನದಲ್ಲಿ ನಾನು ಹೇಳೋ ಒಂದು ಮಾತಿಗೆ ಅಜ್ಜಿಯರು ಬಿದ್ದೋಗ್ತಾರೆ: ಇಲ್ಲಿ ಅರುಣಾಚಲೇಶ್ವರ ಬಾಲ್ಯದ ಶಿವ, ಭೋಗನಂದೀಶ್ವರ ಯೌವನದ ಶಿವ, ಬೆಟ್ಟದ ಮೇಲಿರೋ ಯೋಗನಂದೀಶ್ವರ ಎಲ್ಲ ಬಿಟ್ಟ ಶಿವ, ಅದಕ್ಕೇ ಹೊಸ ಮದುವೆಯೋರು ಮೊದ್ಲು ಕೆಳಗೇ ಬರ್ಬೇಕು. ಮಧ್ಯದಲ್ಲಿ ಉಮಾಮಹೇಶ್ವರ ಗುಡಿ ಮುಂದೆ ಕಲ್ಲಿನ ಕಲ್ಯಾಣ ಮಂಟಪ ಇದ್ಯಲ್ಲ, ಆ ಕಂಬದ ಗಿಳಿಗಳ ಹತ್ರ ಫೋಟೋ ಹಿಡಿಯೋಕೇ ಇಪ್ಪತ್ತು ನಿಮಿಷ ಇಟ್ಕೊಳ್ಳಿ.

ದುಡ್ಡು ಹುಟ್ಟೋದು ಮದುವೆ ಆದ ಮಾರನೇ ದಿನ. ಭಾನುವಾರ ಧಾರೆ ಆದ್ರೆ ಸೋಮವಾರ ಬಾಡು (ಮಾಂಸ) ಮುಟ್ಟದ ಮನೆಗಳು ನಮ್ಮ ಕಡೆ ಎಷ್ಟಿವೆ ನಿಮ್ಗೇ ಗೊತ್ತು, ಅವ್ರು ಬೀಗರೂಟ, ಅಂದ್ರೆ ಮದುವೆ ಆದ್ಮೇಲೆ ಬೀಗರಿಗೆ ಹಾಕೋ ಬಾಡೂಟ, ಮಂಗಳವಾರಕ್ಕೆ ಇಟ್ಕೊಳ್ತಾರೆ. ಮಧ್ಯೆ ಸೋಮವಾರ ಪೂರ್ತಿ ನೆಂಟರು ಬೆಪ್ಪಾಗಿ ಕೂತಿರ್ತಾರೆ, ನಂದಿಬೆಟ್ಟವೂ ಖಾಲಿ ಇರುತ್ತೆ! ಹಿಂದಿನ ದಿನ ಒದ್ದಾಡಿದ ಅದೇ ತಿರುವಲ್ಲಿ ಸೋಮವಾರ ಸುಮ್ನೆ ಹತ್ಕೊಂಡ್ ಹೋಗ್ಬಹುದು. ಟಿಪ್ಪು ಡ್ರಾಪ್, ಅಮೃತ ಸರೋವರ, ನೆಹರು ನಿಲಯ ನೋಡ್ಕೊಂಡು ಹತ್ತಕ್ಕೆಲ್ಲ ಕೆಳಗೆ. ಹುಡುಗರು ಕಾಲು ಚುರುಕಿದ್ರೆ ಸುಲ್ತಾನಪೇಟೆ ಕಡೆ ಮೆಟ್ಟಿಲಲ್ಲಿ ಹತ್ತಲಿ, ಸಾವಿರಕ್ಕೂ ಮೇಲೆ ಮೆಟ್ಟಿಲು, ಹತ್ತಿ ಬಂದ್ಮೇಲೆ ಗಲಾಟೆ ಮಾಡೋ ಶಕ್ತಿ ಇರಲ್ಲ. ಎಲ್ರೂ ಕೇಳೋ ಆದಿಯೋಗಿ ಶಿವನ ಮೂರ್ತೀನ ಸಂಜೆಗೆ ಇಟ್ಕೊಳ್ಳಿ. ಸ್ಕಂದಗಿರಿ ಮಾತ್ರ ಆನ್‌ಲೈನ್ ಬುಕಿಂಗ್ ಇಲ್ದೆ ಹೋಗ್ಬೇಡಿ, ನಾನು ಹಂಗೇ ಹೋಗಿ 14 ಹುಡುಗರ ಜೊತೆ ಬೆಟ್ಟದ ಬುಡದ ಕಳವಾರದಿಂದ ವಾಪಸ್ ಬಂದು ಇಡ್ಲಿ ತಿನ್ಸಿ ಸಮಾಧಾನ ಮಾಡಿದೀನಿ.

ಲೆಕ್ಕ ನೆನಪಿಂದ ಹೇಳ್ತೀನಿ. ಟಿಟಿ ಅರ್ಧ ದಿನಕ್ಕೆ ನಾಲ್ಕೂವರೆ ಸಾವಿರ ಆಸುಪಾಸು, ಮೂರು ಗಾಡಿಗೆ ಹದಿಮೂರೂವರೆ. ತಿಂಡಿ ತಲೆಗೆ 60. ಪಾರ್ಕಿಂಗ್, ಬಾಟಾ, ನೀರು ಒಂದು ಸಾವಿರ. ನಾನು ತಗೊಳ್ಳೋದು ತಲೆಗೆ 650, 36 ಜನ ಅಂದ್ರೆ 23 ಸಾವಿರ ಚಿಲ್ಲರೆ. ಆರೂವರೆ ಏಳು ಸಾವಿರ ಉಳಿಯುತ್ತೆ. 30ಕ್ಕಿಂತ ಕಮ್ಮಿ ಜನ ಅಂದ್ರೆ ಎರಡೇ ಗಾಡಿ, ಮೂರನೇದು ಅರ್ಧ ಖಾಲಿ ಓಡಿದ್ರೆ ಲಾಭ ಪೂರ್ತಿ ಡೀಸೆಲ್‌ಗೇ.

ಮಧ್ಯೆ ಕೆಲವು ಪ್ರಯೋಗ ಮಾಡ್ದೆ. ಒಂದ್ಸಲ ಹೆಂಗಸರನ್ನ ಶಿಡ್ಲಘಟ್ಟಕ್ಕೆ ಕರ್ಕೊಂಡ್ ಹೋದೆ, ಮೈಮೇಲೆ ಹಾಕ್ಕೊಂಡಿರೋ ರೇಷ್ಮೆ ಹೆಂಗೆ ಬರುತ್ತೆ ನೋಡ್ಲಿ ಅಂತ. ಗೂಡಿನ ಮಾರ್ಕೆಟ್ ತನಕ ಖುಷಿಯಾಗೇ ಇದ್ರು. ನೂಲು ಬಿಚ್ಚೋ ಕಡೆ ಬೆಂದ ಹುಳದ ವಾಸನೆ ಮೂಗಿಗೆ ಬಡಿದಿದ್ದೇ ತಡ, ಸೆರಗು ಮೂಗಿಗೆ ಹಿಡ್ಕೊಂಡು ಎಲ್ರೂ ಗಾಡಿಗೆ ಓಡಿದ್ರು. ಹಿಂದೂಪುರದಿಂದ ಬಂದಿದ್ದ ಒಬ್ಬ ಅತ್ತೆ ಮಾತ್ರ ನಿಂತು ದಾರದ ಎಳೆ ಎಲ್ಲಿ ಸಿಗುತ್ತೆ ಅಂತ ಬಗ್ಗಿ ಬಗ್ಗಿ ನೋಡ್ತಿದ್ರು. ಇನ್ನೊಂದ್ಸಲ ಹೈ ಹೀಲ್ಸ್ ಸಮಸ್ಯೆಗೆ ಅಂತ ಹವಾಯಿ ಚಪ್ಪಲಿ 20 ಜೊತೆ ಹೋಲ್‌ಸೇಲಲ್ಲಿ ತಂದೆ, ವಾಪಸ್ ಬಂದಿದ್ದು 11, ಅದ್ರಲ್ಲೂ ಎರಡು ಜೊತೆ ಎಡಗಾಲಿನದೇ. ದ್ರಾಕ್ಷಿ ತೋಟ ಮಾತ್ರ ಕೈ ಹಿಡೀತು. ಯಾವ ತೋಟ ಅಂತ ಕೇಳ್ಬೇಡಿ, ಹೇಳಲ್ಲ.

ಜನಾನ ಟೈಮ್‌ಗೆ ಗಾಡಿ ಹತ್ತಿಸೋದಕ್ಕೆ ಒಂದು ಉಪಾಯ ಹೇಳ್ತೀನಿ, ಇನ್ನೊಂದು ನನಗೇ ಇರ್ಲಿ. ಕಾಫಿ ಫ್ಲಾಸ್ಕ್, ಬೋಂಡ ಗಾಡಿಯಿಂದ ಕೆಳಗೆ ಇಳಿಸ್ಲೇಬೇಡಿ. ಸೀಟಲ್ಲಿ ಕೂತೋರಿಗೆ ಮಾತ್ರ. ಭಾವ ಕೂತು ತಿಂತಿರೋದು ಕಿಟಕೀಲಿ ಕಂಡ್ರೆ ಷಡ್ಡಕ ತಾನೇ ಓಡಿ ಬರ್ತಾನೆ.

ಹೋದ ವರ್ಷ ಒಂದು ಮನೆಯೋರು ಬೀಗರೂಟದ ದಿನಾನೇ ಬೆಳಿಗ್ಗೆ ಗುಡಿಬಂಡೆ ಬೇಕು ಅಂದ್ರು. ಐದೂವರೆಗೆ ಹೊರಟು ಪೇರೇಸಂದ್ರದಲ್ಲಿ ತಿರುಗಿ ಹೋದ್ವಿ. ಏಳು ಸುತ್ತಿನ ಕೋಟೆ, ಬಂಡೆ ಮೇಲೆ ಮಳೆ ನೀರು ನಿಲ್ಲೋ ಹೊಂಡಗಳು, ತುದೀಲಿ ನಿಂತ್ರೆ ಕೆಳಗೆ ಅಮಾನಿ ಬೈರಸಾಗರ ಕೆರೆ ಇಂಡಿಯಾ ಮ್ಯಾಪ್ ಥರ. ಮೊದ್ಲು ನಕ್ಕಿದ್ದ ಅಡುಗೆಯೋನೇ ಆ ಬೀಗರೂಟಕ್ಕೂ ಇದ್ದ. ಬೆಟ್ಟ ಹತ್ತಿ ಇಳಿದು ಬಂದ 36 ಜನ ಮೊದಲ್ನೇ ಪಂಕ್ತಿಗೇ ಕೂತ್ರು, ಎರಡನೇ ಪಂಕ್ತಿ ಅರ್ಧಕ್ಕೆ ಸಾರು ಇದೆ, ಪೀಸಿಲ್ಲ. ಸೌಟು ಹಿಡ್ಕೊಂಡೇ ಬಂದು ನನ್ನ ಮೇಲೆ ಕೂಗಾಡ್ದ. ಈಗ ಬೆಟ್ಟ ಬುಕ್ ಆದ ತಕ್ಷಣ ಮೊದ್ಲು ಫೋನ್ ಹೋಗೋದು ಅವನಿಗೇ, ಐದು ಕೆಜಿ ಮಟನ್ ಜಾಸ್ತಿ ಬರ್ಸು ಅಂತ.