ಹಿಂಬದಿ ಜೇಬಿನ ಪ್ರಶ್ನೆ

ಬರ್ಲಿನ್‌ನ ನಾಯ್‌ಕೋಲ್ನ್‌ನಲ್ಲಿ ನಾನು ಫಿಸಿಯೋಥೆರಪಿಸ್ಟ್. ನಮ್ಮಲ್ಲಿಗೆ ಬರುವವರಲ್ಲಿ ಟರ್ಕಿಶ್ ಮಾತಾಡುವವರು ಜಾಸ್ತಿ. 1961ರಲ್ಲಿ ಪಶ್ಚಿಮ ಜರ್ಮನಿ ಮತ್ತು ಟರ್ಕಿ ಕಾರ್ಮಿಕರ ಒಪ್ಪಂದ ಮಾಡಿಕೊಂಡ ಮೇಲೆ ಬಂದವರು, ಅವರ ಮಕ್ಕಳು. ವರ್ಷಗಟ್ಟಲೆ ಕಾರ್ಖಾನೆಯಲ್ಲಿ ದುಡಿದು, ಕಂಡವರ ಆಫೀಸಿನ ನೆಲ ಒರೆಸಿ, ಈಗ ಭುಜ ಹಿಡಿದುಕೊಂಡು ಬರುತ್ತಾರೆ. ನೋವೆಷ್ಟು, ಯಾವ ಕೆಲಸ ಮಾಡೋಕೆ ಕಷ್ಟ ಎಂದು ತಿಳಿಯಲು ನಮ್ಮ ಕ್ಲಿನಿಕ್‌ನದೇ ಒಂದು ಪ್ರಶ್ನೆಗಳ ಹಾಳೆ ಇತ್ತು, ಜರ್ಮನ್‌ನಲ್ಲಿ. ಅದನ್ನು ಟರ್ಕಿಶ್‌ಗೆ ತರುವ ಕೆಲಸ ನನ್ನ ಪಾಲಿಗೆ ಬಂತು.

ಭುಜ, ಕೈಯ ತೊಂದರೆ ಅಳೆಯುವ ಸ್ಪಾಡಿ, ಡ್ಯಾಶ್‌ನಂಥ ಹೆಸರಾದ ಪ್ರಶ್ನಾವಳಿಗಳು ಟರ್ಕಿಶ್‌ನಲ್ಲಿ ಈಗಾಗಲೇ ಇವೆ, ಸರಿಯಾಗಿ ಪರೀಕ್ಷೆಯಾಗಿಯೇ ಬಂದಿವೆ. ನಿಮ್ಮ ಕೆಲಸ ಅವುಗಳಿಂದ ಆಗುವುದಾದರೆ ಅವನ್ನೇ ಬಳಸಿ. ನಮಗೆ ಹಳೆಯ ದಾಖಲೆಗಳ ಜೊತೆ ಹೋಲಿಸಬೇಕಿತ್ತು, ಅದಕ್ಕೇ ನಮ್ಮ ಹಾಳೆಯನ್ನು ಬಿಡಲು ಆಗಲಿಲ್ಲ.

ಇಂಥ ಪ್ರಶ್ನಾವಳಿಗಳನ್ನು ಬೇರೆ ಭಾಷೆಗೆ ತರುವ ಬಗ್ಗೆ ಸಂಶೋಧಕಿ ಬೀಟನ್ ಮತ್ತು ಸಂಗಡಿಗರು 2000ರಲ್ಲಿ ಬರೆದ ಕ್ರಮವನ್ನು ಹಿಡಿದೆವು. ಇಬ್ಬರು ಬೇರೆ ಬೇರೆಯಾಗಿ ಟರ್ಕಿಶ್‌ಗೆ ತಂದರು. ಒಬ್ಬರು ಫಿಸಿಯೋ, ಇನ್ನೊಬ್ಬರು ಶಾಲೆಯ ಟೀಚರ್. ಎರಡನ್ನೂ ಕೂಡಿಸಿ ಒಂದು ಮಾಡಿದೆವು. ಮೂಲವನ್ನೇ ನೋಡದ ಇನ್ನಿಬ್ಬರು ಅದನ್ನು ಮತ್ತೆ ಜರ್ಮನ್‌ಗೆ ತಿರುಗಿಸಿದರು. ಮೂಲದ ಪಕ್ಕ ಇಟ್ಟು ನೋಡಿದರೆ ಹೆಚ್ಚುಕಮ್ಮಿ ಒಂದೇ ಥರ ಇತ್ತು. ಕೆಲಸ ಮುಗಿಯಿತು ಅಂದುಕೊಂಡೆ.

ಆಮೇಲೆ 30ರಿಂದ 40 ಜನರಿಗೆ ಕೊಟ್ಟು ನೋಡಬೇಕು ಎಂದು ಆ ಕ್ರಮ ಹೇಳುತ್ತದೆ. ಮೊದಲ ದಿನವೇ ಒಬ್ಬ ತೇಯ್ಜೆ ಒಂದು ಪ್ರಶ್ನೆಯನ್ನು ಖಾಲಿ ಬಿಟ್ಟಿದ್ದರು. ತೇಯ್ಜೆ ಅಂದರೆ ತಾಯಿಯ ಅಕ್ಕ-ತಂಗಿ. ವಯಸ್ಸಾದ ಹೆಂಗಸರನ್ನೆಲ್ಲ ಅಲ್ಲಿ ಹಾಗೇ ಕರೆಯುತ್ತಾರೆ, ನಾವು ದೊಡ್ಡಮ್ಮ ಅನ್ನುವ ಹಾಗೆ. ಪ್ರಶ್ನೆ ಇದು: ಪ್ಯಾಂಟಿನ ಹಿಂಬದಿ ಜೇಬಿನಿಂದ ಏನಾದರೂ ತೆಗೆಯೋಕೆ ಎಷ್ಟು ಕಷ್ಟ? ಅವರು ಉದ್ದ ಲಂಗದ ಮೇಲೆ ಕೈಯಾಡಿಸಿ, "ನನಗೆ ಹಿಂದೆ ಜೇಬೇ ಇಲ್ಲವಲ್ಲ ಮಗಳೇ" ಅಂದರು.

ಅನುವಾದದಲ್ಲಿ ಒಂದು ಪದವೂ ತಪ್ಪಿರಲಿಲ್ಲ. ಆದರೂ ಪ್ರಶ್ನೆ ಅವರನ್ನು ಮುಟ್ಟಲಿಲ್ಲ. ಈ ಪ್ರಶ್ನೆ ಇರುವುದು ಜೇಬಿಗಲ್ಲ, ಕೈ ಬೆನ್ನ ಹಿಂದೆ ತಿರುಗುತ್ತದೆಯೇ ಎಂದು ತಿಳಿಯಲು, ಅಲ್ವಾ? ಭುಜ ಬಿಗಿದುಕೊಂಡವರಿಗೆ ಅದು ತುಂಬಾ ಕಷ್ಟ. ಅವತ್ತಿನಿಂದ ಪ್ರತಿ ಪ್ರಶ್ನೆಗೂ "ಇದನ್ನು ಕೈಯಲ್ಲಿ ಮಾಡಿ ತೋರಿಸಿ" ಎಂದು ಕೇಳಲು ಶುರುಮಾಡಿದೆ. ಕೈ ಮೂಲದ ಪ್ರಶ್ನೆ ಕೇಳಿದ ಜಾಗಕ್ಕೇ ಹೋದರೆ ಪ್ರಶ್ನೆ ಸರಿ.

ಜೇಬಿನ ಬದಲು ಏನು? ಅಡುಗೆಮನೆಯ ಏಪ್ರನ್ ದಾರ ಹಿಂದೆ ಕಟ್ಟುವುದು ಎಂದು ಯಾರೋ ಹೇಳಿದರು. ಅದಕ್ಕೆ ಎರಡೂ ಕೈ ಬೇಕು, ಕಟ್ಟದ ಗಂಡಸರೂ ಬಹಳ. ಕೊನೆಗೆ ಅಂಗಿಯ ಅಂಚನ್ನು ಸೊಂಟದ ಹಿಂದೆ ಒಳಗೆ ಸಿಕ್ಕಿಸುವುದು ಎಂದಿಟ್ಟೆವು. ಗಂಡಸರು, ಹೆಂಗಸರು ಎಲ್ಲರ ಕೈಯೂ ಒಂದೇ ಕಡೆ ಹೋಯಿತು.

ನಮಾಜಿನ ಬಗ್ಗೆ ಕೇಳಿ ಎಂದರು ಕೆಲವರು. ಕೈ ಎತ್ತುವುದು, ನೆಲಕ್ಕೆ ಊರುವುದು ಎಲ್ಲ ಅದರಲ್ಲಿ ಇದೆಯಲ್ಲ ಎಂದು. ನಾನು ಒಪ್ಪಲಿಲ್ಲ. ನಮ್ಮಲ್ಲಿಗೆ ಬರುವವರಲ್ಲಿ ಅಲೆವಿ ಪಂಥದವರಿದ್ದಾರೆ, ಅವರ ಪೂಜೆಯ ರೀತಿಯೇ ಬೇರೆ. ನಮಾಜು ಮಾಡದವರೂ ಇದ್ದಾರೆ. ಭುಜದ ಹಾಳೆ ಯಾರನ್ನೂ ನೀನು ಎಂಥ ಟರ್ಕಿಯವನು ಎಂದು ಕೇಳಬಾರದು.

ಕೈ ಜುಮ್ಮೆನ್ನುವುದಕ್ಕೆ ಜರ್ಮನ್‌ನಲ್ಲಿ ಒಂದು ಪದವಿತ್ತು, ಟರ್ಕಿಶ್‌ನಲ್ಲಿ ಸಿಗುತ್ತದೋ ಇಲ್ಲವೋ ಎಂದು ಹೆದರಿದ್ದೆ. ಕರಿಂಜಲನ್ಮಾ ಎಂದರು ಟೀಚರ್. ಕರಿಂಜಾ ಅಂದರೆ ಇರುವೆ. ನಮ್ಮಲ್ಲೂ ಕೈಯಲ್ಲಿ ಇರುವೆ ಹರಿದ ಹಾಗಾಗುತ್ತೆ ಅಂತಾರಲ್ಲ, ಕೇಳಿ ತುಂಬಾ ಖುಷಿಯಾಯಿತು.

ಎಲ್ಲಕ್ಕಿಂತ ಜಾಸ್ತಿ ತಡವಾಗಿದ್ದು "ನಿಮಗೆ ಮಾಡಲು ಆಗುತ್ತದೆಯೇ" ಎಂಬಲ್ಲಿ. ಭಾರದ ಚೀಲ ಹೊರುವ ಪ್ರಶ್ನೆಗೆ ಒಬ್ಬರು ತೊಂದರೆಯೇ ಇಲ್ಲ ಎಂದು ಗುರುತು ಹಾಕಿದ್ದರು. ಕೇಳಿದರೆ, ಚೀಲ ಹೊರುವುದು ಸೊಸೆ! ಡ್ಯಾಶ್‌ನಲ್ಲಿ ಇದಕ್ಕೊಂದು ದಾರಿ ಇದೆ: ಹೋದ ವಾರ ಆ ಕೆಲಸ ಮಾಡುವ ಸಂದರ್ಭ ಬರದಿದ್ದರೂ, ಎಷ್ಟು ಕಷ್ಟ ಆಗಬಹುದೆಂದು ಅಂದಾಜು ಮಾಡಿ ಹೇಳಬೇಕು. ನಾವೂ "ನೀವೇ ಮಾಡಬೇಕಾಗಿ ಬಂದರೆ" ಎಂದು ಸೇರಿಸಿದೆವು. ಅದಾದ ಮೇಲೆ ಉತ್ತರಗಳು ಬದಲಾದವು. ಜರ್ಮನ್ ಹಾಳೆಯಲ್ಲೂ ಈ ಮಾತು ಇರಲಿಲ್ಲ, ಅಲ್ಲೂ ಸೇರಿಸಿದೆವು.

ಓದಲು ಬಾರದವರಿಗೆ ನಮ್ಮ ಟರ್ಕಿಶ್ ಸಹಾಯಕಿ ಓದಿ ಹೇಳುತ್ತಾರೆ. ಮಗಳೋ ಮಗನೋ ಪಕ್ಕದಲ್ಲಿದ್ದರೆ ಸ್ವಲ್ಪ ಹೊತ್ತು ಹೊರಗೆ ಕೂರಲು ಕೇಳಿಕೊಳ್ಳುತ್ತೇನೆ, ಇಲ್ಲದಿದ್ದರೆ ಉತ್ತರ ಮಕ್ಕಳದೇ ಆಗಿಬಿಡುತ್ತದೆ. ಮೊದಲು ಎಲ್ಲರೂ "ಅಲ್ಲಾಹನಿಗೆ ವಂದನೆ, ಪರವಾಗಿಲ್ಲ" ಅನ್ನುತ್ತಾರೆ. ಆ ಮಾತಿಗೆ ಅಂಕ ಹಾಕುವುದಿಲ್ಲ. ಒಂದು ನಿಮಿಷ ಸುಮ್ನೆ ಕೂತು, ರಾತ್ರಿ ಯಾವ ಮಗ್ಗುಲಲ್ಲಿ ಮಲಗಿದ್ದಿರಿ ಎಂದು ಕೇಳಿಸುತ್ತೇನೆ. ಆಗ ನಿಜವಾದ ಅಂಕ ಬರುತ್ತದೆ.