ಚೀವಿತಾದಲ್ಲಿ ಒಂದು ರಾತ್ರಿ: ವಾರಾಂತ್ಯದ ಪ್ರವಾಸವನ್ನು ಹೊಂದಿಸಿಕೊಳ್ಳುವ ಬಗೆ

ರೋಮ್ ನಗರದಿಂದ ಉತ್ತರಕ್ಕೆ ಸುಮಾರು 120 ಕಿ.ಮೀ. ದೂರದಲ್ಲಿ, ಒಂಟಿ ಗುಡ್ಡವೊಂದರ ನೆತ್ತಿಯ ಮೇಲೆ ಚೀವಿತಾ ದಿ ಬಾನ್ಯೊರೇಜೊ ಎಂಬ ಹಳ್ಳಿಯಿದೆ. ರೋಮನ್ನರಿಗಿಂತ ಮೊದಲು ಮಧ್ಯ ಇಟಲಿಯಲ್ಲಿ ಬಾಳಿದ ಎಟ್ರುಸ್ಕನ್ ಜನರು ಸುಮಾರು 2500 ವರ್ಷಗಳ ಹಿಂದೆ ಕಟ್ಟಿದ ಈ ಊರಿನಲ್ಲಿ ಇಂದು ವರ್ಷವಿಡೀ ನೆಲೆಸಿರುವವರು ಬೆರಳೆಣಿಕೆಯ ಮಂದಿ ಮಾತ್ರ. ಹಗಲಿನಲ್ಲಿ ಬಂದುಹೋಗುವ ಪ್ರವಾಸಿಗರಾದರೋ ಅಸಂಖ್ಯ. ಆ ಜನಜಂಗುಳಿ ಸಂಜೆಯ ಹೊತ್ತಿಗೆ ಕರಗುತ್ತದೆ. ಆದ್ದರಿಂದ ಪ್ರವಾಸದ ಮಿಕ್ಕೆಲ್ಲ ವಿವರಗಳಿಗಿಂತ ಮೊದಲು ಶನಿವಾರ ರಾತ್ರಿ ಹಳ್ಳಿಯೊಳಗೇ ಒಂದು ಕೋಣೆಯನ್ನು ಕಾಯ್ದಿರಿಸಿಕೊಳ್ಳಬೇಕು. ಕೋಣೆಗಳು ಕಡಿಮೆ ಇರುವುದರಿಂದ ಇದನ್ನು ಕೊನೆಯ ವಾರಕ್ಕೆ ಬಿಡುವಂತಿಲ್ಲ.

ಹಳ್ಳಿಗೆ ರೈಲು ಇಲ್ಲ. ರೋಮ್‌ನ ತೆರ್ಮಿನಿ ನಿಲ್ದಾಣದಿಂದ ಓರ್ವಿಯೆತೊ ಪಟ್ಟಣಕ್ಕೆ ರೈಲಿನಲ್ಲಿ ಸುಮಾರು ಒಂದೂಕಾಲು ಗಂಟೆ ಪ್ರಯಾಣ ಮಾಡಿ, ಅಲ್ಲಿಂದ ಬಸ್ಸಿನಲ್ಲಿ ಚೀವಿತಾದ ನೆರೆಯ ಪಟ್ಟಣವಾದ ಬಾನ್ಯೊರೇಜೊ ತಲುಪಬೇಕು. ಪ್ರಾದೇಶಿಕ ರೈಲಿನ ಕಾಗದದ ಟಿಕೆಟ್ ಕೊಂಡಿದ್ದರೆ, ಹತ್ತುವ ಮೊದಲು ನಿಲ್ದಾಣದಲ್ಲಿರುವ ಯಂತ್ರದಲ್ಲಿ ಅದಕ್ಕೆ ಮುದ್ರೆ ಒತ್ತಿಸಿಕೊಳ್ಳುವುದನ್ನು ಮರೆಯಬಾರದು. ಟಿಕೆಟ್ ಕೈಯಲ್ಲಿದ್ದೂ ದಂಡ ತೆರಬೇಕಾಗಿ ಬರುವುದು ಹೀಗೆಯೇ. ಬಸ್ಸುಗಳ ಸಂಖ್ಯೆ ಕಡಿಮೆ, ಭಾನುವಾರವಂತೂ ಅವುಗಳನ್ನು ನೆಚ್ಚುವಂತೆಯೇ ಇಲ್ಲ. ಹೋಗುವುದಕ್ಕೆ ಶನಿವಾರದ ಬಸ್ಸು, ಮರಳುವುದಕ್ಕೆ ಮೊದಲೇ ಗೊತ್ತುಮಾಡಿದ ಟ್ಯಾಕ್ಸಿ ಎಂದು ಲೆಕ್ಕ ಹಾಕುವುದೇ ಕ್ಷೇಮ.

ಶನಿವಾರ ಬೆಳಗ್ಗೆ ಓರ್ವಿಯೆತೊದಲ್ಲಿ ಇಳಿದವರು ಆತುರಪಡಬೇಕಾಗಿಲ್ಲ, ಏಕೆಂದರೆ ಚೀವಿತಾವನ್ನು ಇಳಿಹೊತ್ತಿಗೆ ತಲುಪುವುದೇ ನಮ್ಮ ಉದ್ದೇಶ. ನಿಲ್ದಾಣದ ಎದುರಿನಿಂದ ಹಳಿಯ ಮೇಲೆ ಗುಡ್ಡವೇರುವ ಗಾಡಿ ನಿಮ್ಮನ್ನು ಹಳೆಯ ಪಟ್ಟಣದ ಅಂಚಿಗೆ ಬಿಡುತ್ತದೆ. ಅದರ ಪಕ್ಕದಲ್ಲಿಯೇ ಸಂತ ಪ್ಯಾಟ್ರಿಕ್‌ನ ಬಾವಿಯಿದೆ. 1527ರಲ್ಲಿ ರೋಮ್ ಸೂರೆಯಾದಾಗ ಇಲ್ಲಿಗೆ ಓಡಿಬಂದ ಪೋಪ್ ಏಳನೆಯ ಕ್ಲೆಮೆಂಟ್, ಮುತ್ತಿಗೆಯಾದರೆ ನೀರಿಗೆ ತತ್ವಾರವಾಗಬಾರದೆಂದು ಇದನ್ನು ತೋಡಿಸಲು ಆರಂಭಿಸಿದನು. ಐವತ್ತು ಮೀಟರಿಗೂ ಹೆಚ್ಚು ಆಳದ ಈ ಬಾವಿಯಲ್ಲಿ ಪರಸ್ಪರ ಸಂಧಿಸದ ಎರಡು ಸುರುಳಿ ದಾರಿಗಳಿವೆ: ಬರಿದಾದ ಕೊಡಗಳೊಡನೆ ಒಂದರಲ್ಲಿ ಇಳಿದ ಹೇಸರಗತ್ತೆಗಳು ನೀರು ಹೊತ್ತು ಇನ್ನೊಂದರಲ್ಲಿ ಏರಿಬರುತ್ತಿದ್ದವು. 248 ಮೆಟ್ಟಿಲುಗಳನ್ನು ಇಳಿದು ಅಷ್ಟನ್ನೇ ಹತ್ತಬೇಕಾದ್ದರಿಂದ ಊಟಕ್ಕೆ ಮೊದಲೇ ಇದನ್ನು ಮುಗಿಸುವುದು ಲೇಸು.

ಬಾನ್ಯೊರೇಜೊದ ಬಸ್ ತಂಗುದಾಣದಿಂದ ಸೇತುವೆಯವರೆಗೆ ಅರ್ಧ ಗಂಟೆಯ ನಡಿಗೆ. ಚೀವಿತಾಕ್ಕೆ ಈ ಕಾಲುಸೇತುವೆಯೊಂದೇ ದಾರಿಯೆನ್ನಬಹುದು. 1965ರಲ್ಲಿ ಕಾಂಕ್ರೀಟಿನಲ್ಲಿ ಕಟ್ಟಿದ ಇದರ ಉದ್ದ ಸುಮಾರು 300 ಮೀಟರ್. ಪ್ರವಾಸಿಗರ ವಾಹನಗಳಿಗೆ ಪ್ರವೇಶವಿಲ್ಲ. ಕೊನೆಯ ಭಾಗ ಸಾಕಷ್ಟು ಕಡಿದಾಗಿದೆ, ಬಯಲಿನ ಗಾಳಿ ಎಡೆಬಿಡದೆ ಬೀಸುತ್ತದೆ. ಗಾಲಿಯ ಸೂಟ್‌ಕೇಸನ್ನು ಈ ಏರಿನಲ್ಲಿ ಎಳೆಯುತ್ತ ಏದುಸಿರು ಬಿಡುವವರನ್ನು ಕಂಡರೆ ಕನಿಕರವಾಗುತ್ತದೆ. ಒಂದು ರಾತ್ರಿಗೆ ಬೆನ್ನಿಗೆ ಹಾಕಿಕೊಳ್ಳುವ ಚೀಲವೇ ಸಾಕು. ಇಲ್ಲಿ ಪ್ರವೇಶ ಶುಲ್ಕ 2013ರಿಂದ ಜಾರಿಯಲ್ಲಿದೆ. ಮೊದಲು ಒಂದೂವರೆ ಯೂರೋ ಇದ್ದದ್ದು ಬಳಿಕ ಐದು ಯೂರೋವರೆಗೆ ಏರಿದೆ.

ಊರು ಚಿಕ್ಕದು, ಅರ್ಧ ಗಂಟೆಯಲ್ಲಿ ಸುತ್ತಿ ಮುಗಿಸಬಹುದು. ಹಾಗೆ ಮುಗಿಸಿಬಿಟ್ಟರೆ ಕಂಡದ್ದು ಏನೂ ಇಲ್ಲ. ಹೆಬ್ಬಾಗಿಲನ್ನು ದಾಟಿದ ಕೂಡಲೇ ಒಂದು ಅರಮನೆಯ ಮುಂಗೋಡೆ ಎದುರಾಗುತ್ತದೆ. ಅದರ ಕಿಟಕಿಗಳತ್ತ ತಲೆಯೆತ್ತಿದರೆ ಒಳಗೆ ಕೋಣೆಯಿಲ್ಲ, ಬರಿಯ ಆಕಾಶ. ಹಿಂದಿನ ಕಟ್ಟಡವೆಲ್ಲ ಕಣಿವೆಗೆ ಕುಸಿದಿದೆ. ಗುಡ್ಡದ ಮೇಲ್ಪದರ ಜ್ವಾಲಾಮುಖಿಯ ಬೂದಿ ಗಟ್ಟಿಯಾಗಿ ಉಂಟಾದ ಟಫ್ ಕಲ್ಲು, ಅದರ ಕೆಳಗಿರುವುದು ಜೇಡಿ. ಮಳೆಯೂ ತೊರೆಗಳೂ ಜೇಡಿಯನ್ನು ಕೊರೆದಂತೆಲ್ಲ ಆಧಾರ ತಪ್ಪಿದ ಕಲ್ಲು, ಮೇಲಿನ ಮನೆಗಳ ಸಮೇತ ಕಳಚಿ ಬೀಳುತ್ತದೆ. 1695ರ ಭೂಕಂಪದ ತರುವಾಯ ಬಿಷಪ್ಪರೂ ಆಡಳಿತವೂ ಬಾನ್ಯೊರೇಜೊಗೆ ಸ್ಥಳಾಂತರವಾದವು. ಹದಿಮೂರನೆಯ ಶತಮಾನದ ಸಂತ ಬೊನವೆಂಚರ್ ಹುಟ್ಟಿದ್ದು ಚೀವಿತಾದಲ್ಲಿಯೇ ಆದರೂ ಅವನ ಮನೆಯ ನೆಲವೂ ಎಂದೋ ಜಾರಿಹೋಗಿದೆ. ಆದ್ದರಿಂದ ಅಂಚಿನ ತಡೆಬೇಲಿಗಳನ್ನು ಛಾಯಾಚಿತ್ರದ ಆಸೆಗೆ ದಾಟಬಾರದು.

ರಾತ್ರಿ ಊಟದ ನಂತರ ಸಾನ್ ದೊನಾತೊ ಚರ್ಚಿನ ಮುಂದಿನ ಚೌಕಕ್ಕೆ ಇನ್ನೊಮ್ಮೆ ಹೋಗಿ. ಅಲ್ಲಿ ಕಲ್ಲು ಹಾಸಿಲ್ಲ. ನಡೆಯುವಾಗ ಜಲ್ಲಿ ಕಾಲಡಿಯಲ್ಲಿ ಕರಕರನೆ ಸದ್ದುಮಾಡುವುದು ಹಗಲಿನ ಗದ್ದಲದಲ್ಲಿ ಕೇಳಿಸಿರುವುದಿಲ್ಲ. ಭಾನುವಾರ ಬೇಗ ಎದ್ದು, ಹಳ್ಳಿಯ ಇನ್ನೊಂದು ತುದಿಯಿಂದ ಕಣಿವೆಯತ್ತ ಇಳಿಯುವ ಹಾದಿಯಲ್ಲಿ ಸ್ವಲ್ಪ ದೂರ ನಡೆಯಬಹುದು. ಮಳೆ ಬಂದಿದ್ದರೆ ಮಾತ್ರ ಬೇಡ, ಜೇಡಿ ವಿಪರೀತ ಜಾರುತ್ತದೆ. ಟ್ಯಾಕ್ಸಿಗೆ ಬೆಳಗ್ಗೆ ಹತ್ತರ ಸುಮಾರಿಗೆ ಬರಹೇಳಿ, ಅದು ಸೇತುವೆಯ ಆಚೆ ತುದಿಯಲ್ಲಿಯೇ ನಿಲ್ಲುವುದರಿಂದ ಇಪ್ಪತ್ತು ನಿಮಿಷ ಮುಂಚಿತವಾಗಿ ಕೋಣೆಯನ್ನು ಬಿಡಿ.