ಲಾರಿ ಬಿಟ್ಟು ಭೂಕಂಪ ಹಿಡಿದದ್ದು: ಅಡಿಕೆ ತೋಟದಲ್ಲಿ ಟ್ರಿಗರ್ ಸೆಟ್ಟಿಂಗ್

2022ರ ಜೂನ್‌ನಲ್ಲಿ ನಮ್ಮ ಸುಳ್ಯ–ಕೊಡಗು ಗಡಿಯಲ್ಲಿ ಭೂಮಿ ನಡುಗಿತಲ್ಲ, ಆಮೇಲೆ ಹಿಡಿದ ಹುಚ್ಚು ಇದು: ತೋಟದಲ್ಲೇ ಭೂಕಂಪ ಹಿಡಿಯುವ ಯಂತ್ರ. ನೆಲದ ಕಂಪನವನ್ನು ವಿದ್ಯುತ್ ಸಿಗ್ನಲ್ ಮಾಡುವ 4.5 ಹರ್ಟ್ಸ್ ಜಿಯೋಫೋನ್, ಅದನ್ನು ಅಂಕಿಯಾಗಿಸುವ 24 ಬಿಟ್ ಎಡಿಸಿ, ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್, ಸೆಕೆಂಡಿಗೆ 100 ಸ್ಯಾಂಪಲ್. ಲಕ್ಷಗಟ್ಟಲೆ ಬೆಲೆಯ ಬ್ರಾಡ್‌ಬ್ಯಾಂಡ್ ಭೂಕಂಪಮಾಪಕ ಇಲ್ಲದೆ ತೋಟದಲ್ಲಿ ಏನೂ ಸಿಗದು ಅಂದವರೇ ಜಾಸ್ತಿ.

ಮೊದಲ ಬೇಸಿಗೆಯಲ್ಲಿ ರಾತ್ರಿಗೆ ಮೂವತ್ತು ನಲವತ್ತು ಟ್ರಿಗರ್, ಅಂದರೆ ‘ಏನೋ ನಡುಗಿತು’ ಅಂತ ಯಂತ್ರ ಕೊಡುವ ಸೂಚನೆ. ಎಲ್ಲವೂ ಪಂಪು, ಇಲ್ಲವೇ ಮುರಕಲ್ಲು ಹೊತ್ತ ಲಾರಿ. ‘ಇದು ಲಾರಿ ಎಣಿಸುವ ಮಿಷನ್ನಾ ಭಾವ?’ ಅಂತ ನೆಂಟರು ನಕ್ಕರು. ಈ ಕ್ಷಣದ ಕಂಪನದ ಸರಾಸರಿ (ಎಸ್‌ಟಿಎ) ದೀರ್ಘ ಹೊತ್ತಿನ ಸರಾಸರಿಯ (ಎಲ್‌ಟಿಎ) ಎಷ್ಟು ಪಟ್ಟಾದರೆ ಟ್ರಿಗರ್ ಅನ್ನುವ ಮಿತಿಯನ್ನು 8ಕ್ಕೆ ಏರಿಸಿ ನೋಡಿದೆ. ಮನೆ ಎದುರೇ ಹೋಗುವ ಲಾರಿಗೆ 8 ಯಾವ ಲೆಕ್ಕ? ಸಣ್ಣ ಕಂಪನಗಳು ಮಾತ್ರ ಕೈತಪ್ಪುತ್ತವೆ, ಲಾರಿ ತಪ್ಪೋದಿಲ್ಲ.

ದಾರಿ ಸಿಕ್ಕಿದ್ದು ಫಿಲ್ಟರಿನಲ್ಲಿ. ಜೊತೆಗೆ ಬಂದ ಬ್ಯಾಂಡ್ (ಫಿಲ್ಟರ್ ಒಳಬಿಡುವ ಹರ್ಟ್ಸ್ ವ್ಯಾಪ್ತಿ) ದೂರದ ದೊಡ್ಡ ಭೂಕಂಪಕ್ಕೆ ಸರಿ, ಒಂದೆರಡು ಹರ್ಟ್ಸ್ ಆಸುಪಾಸು. ಇಪ್ಪತ್ತು ಮೂವತ್ತು ಕಿ.ಮೀ. ದೂರದ ಸಣ್ಣ ನಡುಕದ ಪಿ ಅಲೆ (ಮೊದಲು ತಲುಪುವ ಅಲೆ) ಚೆನ್ನಾಗಿ ಕಾಣುವುದು 5ರ ಮೇಲೆ. ಹಾಗಾಗಿ 4ರಿಂದ 14 ಇಟ್ಟೆ. 1440 ಆರ್‌ಪಿಎಂ ಪಂಪಿನ 24 ಹರ್ಟ್ಸ್ ತಾನಾಗಿ ಹೊರಗೆ. ಈ ಫಿಲ್ಟರ್ ಟ್ರಿಗರಿಗೆ ಮಾತ್ರ. ಡಿಸ್ಕಿಗೆ ಹೋಗುವುದು ಕಚ್ಚಾ ಸಿಗ್ನಲ್ಲೇ, ಅದನ್ನು ಮುಟ್ಟಬೇಡಿ. ಸಿಗ್ನಲ್ಲನ್ನು ಮುಂದಕ್ಕೂ ಹಿಂದಕ್ಕೂ ಸೋಸುವ ಝೀರೋ ಫೇಸ್ ಫಿಲ್ಟರ್ ಹಾಕಿದರೆ ಪಿ ಬರುವ ಮೊದಲೇ ಅಲೆ ಏಳುತ್ತದೆ, ಸಮಯ ಓದುವಾಗ ಮೋಸ.

ಎಸ್‌ಟಿಎ ಅರ್ಧ ಸೆಕೆಂಡು, ಎಲ್‌ಟಿಎ ಒಂದು ನಿಮಿಷದ ಹತ್ತಿರ, ಅನುಪಾತ 4 ಮುಟ್ಟಿದರೆ ಟ್ರಿಗರ್ ಆನ್, 1.5ಕ್ಕೆ ಇಳಿದರೆ ಆಫ್. ಟ್ರಿಗರ್ ಆನ್ ಇರುವಷ್ಟು ಹೊತ್ತು ಎಲ್‌ಟಿಎ ಫ್ರೀಜ್. ಹಿಂದಿನ 20 ಸೆಕೆಂಡು ಉಳಿಸಿಕೊಳ್ಳಲೇಬೇಕು. ಎಷ್ಟೋ ಸಲ ಪಿ ಜಾರಿ, ಅದರ ಹಿಂದೆ ಬರುವ ಎಸ್ ಅಲೆಗೆ ಟ್ರಿಗರ್ ಆಗುತ್ತದೆ.

ಲಾರಿಯ ಸದ್ದು ಇದೇ ಬ್ಯಾಂಡಿನಲ್ಲಿದೆ, ಫಿಲ್ಟರಿಗೆ ಬಗ್ಗೋದಿಲ್ಲ. ಅದಕ್ಕೆ ಒಂದೂವರೆ ಕಿ.ಮೀ. ಆಚೆ, ಗೆಳೆಯನ ಗುಡ್ಡದಲ್ಲಿ ಎರಡನೇ ಯೂನಿಟ್. ಭೂಮಿಯೊಳಗಿನ ಅಲೆ ಎರಡನ್ನೂ ಒಂದು ಸೆಕೆಂಡಿನೊಳಗೆ ಮುಟ್ಟುತ್ತದೆ, ಲಾರಿಗೆ ಮೂರ್ನಾಲ್ಕು ನಿಮಿಷ ಬೇಕು. ಎರಡೂ ಹೌದು ಅಂದರಷ್ಟೇ ದಾಖಲೆ. ಜಿಪಿಎಸ್ ಸಮಯ ಇಲ್ಲದೆ ಇದು ಆಗುವ ಕೆಲಸವಲ್ಲ.

ದುಡ್ಡು? ಎರಡೂ ಸೇರಿ ನಲವತ್ತೈದು ಸಾವಿರದ ಆಸುಪಾಸು. ಅದರಲ್ಲಿ ಆರೇಳು ಸಾವಿರ ಸಿಡಿಲಿಗೆ ಹೋದ ಎಡಿಸಿ ಬೋರ್ಡಿನದು. ಈಗ ಬ್ಯಾಟರಿ, ಸೋಲಾರ್ ಮಾತ್ರ. ಮೈನ್ಸ್ ತಂತಿ ಹತ್ತಿರ ಸುಳಿಯಲು ಬಿಡೋದಿಲ್ಲ.

ನಡುವೆ ಆನೆ ಹೆಜ್ಜೆ ಸಿಗುತ್ತಾ ಅಂತಲೂ ನೋಡಿದೆ. ತೋಟದ ಅಂಚಿಗೆ ಬಂದರೆ ಸಿಗುತ್ತದೆ, ಆದರೆ ಅಷ್ಟು ಹತ್ತಿರ ಬಂದ ಮೇಲೆ ನಾಯಿಯೇ ಸಾಕು.

ಈಗ ವಾರಕ್ಕೆ ಒಂದೋ ಎರಡೋ ಸುಳ್ಳು ಟ್ರಿಗರ್. ಕಳೆದ ಚಳಿಗಾಲದ ಒಂದು ನಸುಕಿನಲ್ಲಿ ಎರಡೂ ಯೂನಿಟ್ ಒಟ್ಟಿಗೆ ಹಿಡಿದವು. ಪಿ–ಎಸ್ ಅಂತರ ಎರಡೂವರೆ ಸೆಕೆಂಡು, ಸೆಕೆಂಡಿಗೆ ಸುಮಾರು ಎಂಟು ಕಿ.ಮೀ. ಲೆಕ್ಕದಲ್ಲಿ ಗುಣಿಸಿದರೆ ಇಪ್ಪತ್ತು ಕಿ.ಮೀ. ದೂರ. ಮನೆಯಲ್ಲಿ ಯಾರಿಗೂ ಎಚ್ಚರವಾಗಿರಲಿಲ್ಲ. ಆ ಗ್ರಾಫನ್ನು ನೆಂಟರಿಗೆಲ್ಲ ಕಳಿಸಿದೆ, ಸುಮ್ನೆ ಬಿಡ್ತೇನಾ?

ಜಿಯೋಫೋನನ್ನು ಬಂಡೆಗೆ ಕೂರಿಸಿದ ರೀತಿ ಮಾತ್ರ ಇಲ್ಲಿ ಬರೆಯೋದಿಲ್ಲ, ತೋಟಕ್ಕೆ ಬಂದರೆ ತೋರಿಸುತ್ತೇನೆ. ಗುಡುಗಿನ ಕಾಟ ಇನ್ನೂ ಸ್ವಲ್ಪ ಇದೆ. ಅದರ ಸದ್ದು ಒಂದೂವರೆ ಕಿ.ಮೀ. ದಾಟಲು ನಾಲ್ಕು ಸೆಕೆಂಡು ಮೇಲೆ ಬೇಕು, ಹಾಗಾಗಿ ಹೆಚ್ಚಿನವು ಸೋಸಿ ಹೋಗುತ್ತವೆ. ಸಿಡಿಲು ಎರಡರಿಂದಲೂ ಹೆಚ್ಚುಕಮ್ಮಿ ಒಂದೇ ದೂರದಲ್ಲಿ ಬಿದ್ದರೆ ಮಾತ್ರ ಎರಡಕ್ಕೂ ಒಟ್ಟಿಗೆ ಮುಟ್ಟಿ ಟ್ರಿಗರ್ ಆಗಿಬಿಡುತ್ತದೆ.